ದಿನಕ್ಕೆ ಎಷ್ಟು ಗಂಟೆ ಗಿಟಾರ್ ಅಭ್ಯಾಸ ಮಾಡಬೇಕು?

ಗಿಟಾರ್ ಕಲಿಯಲು ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ವರ್ಷಗಟ್ಟಲೆ ನುಡಿಸಿಯೂ ಇದ್ದಲ್ಲೇ ಇದ್ದೇನೆ ಅನ್ನಿಸಿದವರೂ ಇದನ್ನೇ ಕೇಳುತ್ತಾರೆ. ಸಂಖ್ಯೆಯೇ ಬೇಕೆಂದರೆ ಹೇಳಿಬಿಡುತ್ತೇನೆ: ಶುರುವಿನಲ್ಲಿ 30 ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಮೂರೂವರೆ ಗಂಟೆ ಕೂತು ವಾರದ ಬಾಕಿಯನ್ನೆಲ್ಲ ತೀರಿಸುತ್ತೇನೆ ಅಂದರೆ ಆಗುವುದಿಲ್ಲ. ಅಷ್ಟು ಹೊತ್ತು ಹೊಸಬರ ಬೆರಳೂ ತಡೆಯುವುದಿಲ್ಲ, ಗಮನವೂ ನಿಲ್ಲುವುದಿಲ್ಲ. ಜೊತೆಗೆ ಕಲಿತದ್ದು ಕೈಯಲ್ಲಿ ಕೂರಬೇಕಾದರೆ ನಡುವೆ ಒಂದು ನಿದ್ದೆ ಆಗಿರಬೇಕು.

ಗಂಟೆಯ ಲೆಕ್ಕ ಕೇಳುವವರನ್ನು ನಾನು ತಿರುಗಿ ಕೇಳುವುದು ಒಂದೇ ಮಾತು: ನಿನ್ನೆ ಗಿಟಾರ್ ಹಿಡಿದು ಕೂತಾಗ ಏನನ್ನು ಸರಿಮಾಡಿಕೊಂಡಿರಿ? ಹೆಚ್ಚಿನವರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಬರುವ ಎರಡು ಹಾಡು ನುಡಿಸಿರುತ್ತಾರೆ, ತೊಡಕಿನ ಜಾಗ ಬಂದಾಗ ತಡವರಿಸಿ ಹೇಗೋ ದಾಟಿಕೊಂಡಿರುತ್ತಾರೆ. ನುಡಿಸುವುದು ಖುಷಿಯ ಕೆಲಸ, ಬೇಡ ಅನ್ನುವುದಿಲ್ಲ. ಅದನ್ನು ಅಭ್ಯಾಸದ ಖಾತೆಗೆ ಮಾತ್ರ ಬರೆದುಕೊಳ್ಳಬೇಡಿ. 'ಹಾಡುತ್ತಾ ಹಾಡುತ್ತಾ ರಾಗ' ಎಂದು ಧೈರ್ಯ ಹೇಳುವವರಿದ್ದಾರೆ. ಆದರೆ ಕೈಗೆ ಸರಿ ತಪ್ಪು ಗೊತ್ತಿಲ್ಲ. ಅದೇ ಜಾಗದಲ್ಲಿ ನೂರು ಸಲ ತಡವರಿಸಿದರೆ ಆ ತಡವರಿಕೆಯನ್ನೂ ಅದು ಅಷ್ಟೇ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ಸಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ಹೋಗುವುದನ್ನೇ ನೋಡಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಬಹಳ ಜನರ ಹಾಡು ಇಲ್ಲೇ ನಿಲ್ಲುತ್ತದೆ. ಮೂರೂ ಬೆರಳು ಎತ್ತುತ್ತಾರೆ, ಬಗ್ಗಿ ನೋಡುತ್ತಾರೆ, ಒಂದೊಂದಾಗಿ ಜಿ ಮೇಲೆ ಇಡುತ್ತಾರೆ; ಅಷ್ಟರಲ್ಲಿ ತಾಳ ಕೈಬಿಟ್ಟಿರುತ್ತದೆ. ಇಷ್ಟು ಕಸರತ್ತು ಬೇಕಿಲ್ಲ. ತಂತಿಗಳನ್ನು ತೆಳುವಿನಿಂದ ದಪ್ಪಕ್ಕೆ ಎಣಿಸುತ್ತಾರೆ; ಗಿಟಾರಿನ ಕತ್ತಿನ ಮೇಲೆ ಅಡ್ಡ ಪಟ್ಟಿಗಳಿಂದ ಭಾಗವಾದ ಒಂದೊಂದು ಮನೆಯೂ ಒಂದು ಫ್ರೆಟ್. ಸಿ ಹಿಡಿದಾಗ ಉಂಗುರಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ ಇರುತ್ತದೆ. ಈ ಎರಡನ್ನೂ ಜೋಡಿ ಬಿಡಿಸದೆ ಒಂದೊಂದು ತಂತಿ ದಪ್ಪ ತಂತಿಯ ಕಡೆಗೆ ಸರಿಸಿ. ಉಂಗುರಬೆರಳು ಆರನೇ ತಂತಿಗೆ ಬಂತು, ಮಧ್ಯದ್ದು ಐದಕ್ಕೆ. ಕಿರುಬೆರಳು ಒಂದನೇ ತಂತಿಯ ಮೂರನೇ ಫ್ರೆಟ್ ಮೇಲೆ ಇಳಿದರೆ ಜಿ ಸಿದ್ಧ. ತೋರುಬೆರಳಿಗೆ ರಜೆ. ಕಿರುಬೆರಳು ಕೆಲವು ದಿನ ಮೊಂಡಾಟ ಮಾಡುತ್ತದೆ, ಮಾಡಲಿ.

ಈಗ ಮೆಟ್ರೊನೋಮನ್ನು (ತಾಳಕ್ಕೆ ಟಿಕ್ ಟಿಕ್ ಎನ್ನುವ ಸಾಧನ) 50 ಬಿಪಿಎಂಗೆ, ಅಂದರೆ ನಿಮಿಷಕ್ಕೆ 50 ಟಿಕ್ ಬರುವಂತೆ, ಇಡಿ. ನಾಲ್ಕು ಟಿಕ್ ಸಿ, ನಾಲ್ಕು ಟಿಕ್ ಜಿ. ಮೊದಲು ಬಲಗೈ ಸುಮ್ಮನಿರಲಿ, ಎಡಗೈ ಮಾತ್ರ ಹೋಗಿ ಬರಲಿ. ಆಮೇಲೆ ಪ್ರತಿ ಕಾರ್ಡ್‌ಗೆ ಒಂದೇ ಸ್ಟ್ರಮ್, ಅಂದರೆ ತಂತಿಗಳ ಮೇಲೆ ಒಂದೇ ಮೀಟು. ಎಲ್ಲ ತಂತಿಯೂ ಸ್ವಚ್ಛವಾಗಿ ಕೇಳಿಸುವಷ್ಟು ಆದಾಗ 54ಕ್ಕೆ ಹೋಗಿ, ಎಡವಿದರೆ ಮರ್ಯಾದೆಯಾಗಿ 50ಕ್ಕೆ ವಾಪಸ್. ಇಷ್ಟು ನಿಧಾನ ಬೇಜಾರು ಹಿಡಿಸುತ್ತದೆ ಎಂದು ಗೊತ್ತು. ಆದರೆ ಯಾವ ಬೆರಳು ತಡವಾಗಿ ಬರುತ್ತಿದೆ ಎಂದು ಕಾಣುವುದು ಈ ವೇಗದಲ್ಲೇ. 100ರಲ್ಲಿ 'ಏನೋ ಸರಿಯಿಲ್ಲ' ಅನ್ನಿಸುತ್ತದೆ ಅಷ್ಟೇ.

ಎಫ್ ಬ್ಯಾರೆ (ತೋರುಬೆರಳೊಂದರಿಂದಲೇ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತುವ) ಕಾರ್ಡ್‌ನಲ್ಲಿ ಸೋತು ಗಿಟಾರನ್ನೇ ಮೂಲೆಗಿಟ್ಟವರಿದ್ದಾರೆ. ಅಲ್ಲಿ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಪಕ್ಕದಲ್ಲೇ ಇರುವುದರಿಂದ ತಂತಿಗಳನ್ನು ಒತ್ತುವುದು ಕಷ್ಟ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡಿ (ಅದು ಎ ಕಾರ್ಡ್), ಎಷ್ಟೋ ಹಗುರ. ಅಲ್ಲಿ ಕೂತ ಮೇಲೆ ಒಂದೊಂದೇ ಫ್ರೆಟ್ ನಟ್ ಕಡೆಗೆ ಇಳಿಯಿರಿ. ತೋರುಬೆರಳನ್ನು ಸ್ವಲ್ಪ ಹೊರಳಿಸಿ ಪಕ್ಕದ ಗಟ್ಟಿ ಭಾಗದಿಂದ ಒತ್ತಿ.

'ಪಂಡಿತರಾಗಲು ಹತ್ತು ಸಾವಿರ ಗಂಟೆ ಬೇಕಂತಲ್ಲ?' ಎಂದು ಕೇಳುವವರು ಯಾವಾಗಲೂ ಒಬ್ಬರಿರುತ್ತಾರೆ. ಆ ಅಂಕಿಯ ಬೇರು ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅತ್ಯುತ್ತಮರ ಗುಂಪು 20ನೇ ವಯಸ್ಸಿನ ಹೊತ್ತಿಗೆ ಒಬ್ಬರೇ ಕೂತು ಮಾಡಿದ್ದ ಅಭ್ಯಾಸದ ಸರಾಸರಿ ಅದು. ಮುಟ್ಟಿದ ಕೂಡಲೇ ಪಂಡಿತರಾಗುವ ಗಡಿಯೇನಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ: ಅವರು ನಡುನಡುವೆ ಬಿಡುವು ಕೊಟ್ಟು ಅಭ್ಯಾಸ ಮಾಡುತ್ತಿದ್ದರು, ಮಧ್ಯಾಹ್ನ ನಿದ್ದೆಯನ್ನೂ ಮಾಡುತ್ತಿದ್ದರು. ಇದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ.

ಶಿಸ್ತಿನ ವಿಷಯದಲ್ಲಿ ನನಗೆ ಮನೋಬಲದ ಮೇಲೆ ಅಷ್ಟು ನಂಬಿಕೆಯಿಲ್ಲ. ಗಿಟಾರ್ ಚೀಲದೊಳಗಿದ್ದರೆ ಜಿಪ್ ಎಳೆಯುವುದಕ್ಕೇ ಸೋಮಾರಿತನ ಬರುತ್ತದೆ. ಸ್ಟ್ಯಾಂಡ್ ಮೇಲೆ ಕಣ್ಣೆದುರಿಗಿರಲಿ. ಹೊತ್ತು ನಿಗದಿಯಾಗಿರಲಿ, ಮನಸ್ಸು ಬಂದಾಗ ಎಂದು ಬೇಡ. ಫೋನ್‌ನಲ್ಲೇ ಮೆಟ್ರೊನೋಮ್ ಇದ್ದರೆ ಏರೋಪ್ಲೇನ್ ಮೋಡ್‌ಗೆ ಹಾಕಿಡಿ, ಇಲ್ಲದಿದ್ದರೆ ಒಂದು ಮೆಸೇಜ್ ನೋಡಲು ಹೋಗಿ ಹದಿನೈದು ನಿಮಿಷ ಕಳೆದಿರುತ್ತದೆ. ಗಿಟಾರ್ ಮುಟ್ಟುವ ಮೊದಲು ಇವತ್ತಿನ ತೊಡಕು ಯಾವುದು ಎಂದು ಚೀಟಿಯಲ್ಲಿ ಒಂದು ಸಾಲು ಬರೆಯಿರಿ. 'ಕಾರ್ಡ್ ಅಭ್ಯಾಸ' ಎಂದಲ್ಲ, 'ಸಿಯಿಂದ ಜಿಗೆ ಹೋಗುವಾಗ ಕಿರುಬೆರಳು ತಡ' ಎಂದು.

ಶ್ರುತಿ ಮಾಡಿಕೊಂಡು, ಚೀಟಿಯ ತೊಡಕಿಗೆ ಏಳೆಂಟು ನಿಮಿಷ ಕೊಡಿ. ಆಮೇಲೆ ಸ್ಕೇಲೋ (ಸ್ವರಗಳನ್ನು ಕ್ರಮವಾಗಿ ಏರಿಸಿ ಇಳಿಸುವುದು) ಲಯವೋ ಬೇರೆ ಏನಾದರೂ ಮಾಡಿ ಮತ್ತೆ ಅದೇ ತೊಡಕಿಗೆ ಬನ್ನಿ. ಬಂದಾಗ ಕೈ ಮರೆತಂತಿರುತ್ತದೆ, ಗಾಬರಿ ಬೇಡ; ಹೀಗೆ ಬಿಟ್ಟು ಹಿಡಿದದ್ದೇ ಮಾರನೆಯ ದಿನಕ್ಕೆ ಹೆಚ್ಚು ಉಳಿಯುತ್ತದೆ. ಕೊನೆಯ ಹತ್ತು ನಿಮಿಷ ಹಾಡು, ನಿಮ್ಮಿಷ್ಟ. ವಾರಕ್ಕೊಮ್ಮೆ ಅದನ್ನು ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕೇಳಿಸದ ಲಯದ ತಪ್ಪು ಆಗ ಎದ್ದು ಕೇಳಿಸುತ್ತದೆ.

ಬೆರಳ ತುದಿಯ ನೋವು ಚರ್ಮ ಗಟ್ಟಿಯಾಗುತ್ತಿದ್ದಂತೆ ಕಡಿಮೆಯಾಗುತ್ತದೆ. ಮಣಿಕಟ್ಟು ನೋವು, ಬೆರಳು ಜೋಮು ಹಾಗಲ್ಲ. ಅಲ್ಲಿಗೆ ನಿಲ್ಲಿಸಿ, ಮರುಕಳಿಸಿದರೆ ವೈದ್ಯರಿಗೆ ತೋರಿಸಿ.

30 ನಿಮಿಷವನ್ನು ಯಾವಾಗ ಏರಿಸಬೇಕು ಅಂದರೆ, ಹೊತ್ತು ಮುಗಿದರೂ ಚೀಟಿಯ ಕೆಲಸ ದಿನಾ ಉಳಿಯತೊಡಗಿದಾಗ. ಆಗಲೂ ಒಂದೇ ಸಲ ಒಂದು ಗಂಟೆ ಕೂರಬೇಡಿ, ಬೆಳಿಗ್ಗೆ ಅರ್ಧ ಸಂಜೆ ಅರ್ಧ ಮಾಡಿಕೊಳ್ಳಿ.