ದಾಳಿಂಬೆ ತೋಟದಲ್ಲಿ ಸಲಹೆಗಾರನ ಕೆಲಸ

ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ದಾಳಿಂಬೆ ಬೆಳೆಗಾರರಿಗೆ ಸಲಹೆ ನೀಡುವುದು ನನ್ನ ವೃತ್ತಿ. ತೋಟಕ್ಕೆ ಕಾಲಿಡುತ್ತಿದ್ದಂತೆ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಏನ್ ಹೊಡೀಬೇಕ್ರೀ ಸರ?” ಔಷಧಿ ಅಂಗಡಿಯಲ್ಲಿ ಸಲಹೆ ಪುಕ್ಕಟೆ ಸಿಗುತ್ತದೆ, ಅದರ ಬೆಲೆ ಬಾಟಲಿಯಲ್ಲಿ ಸೇರಿರುತ್ತದೆ, ಹೀಗಿರುವಾಗ ಶುಲ್ಕ ಪಡೆದೂ ‘ಈಗ ಏನನ್ನೂ ಹೊಡೆಯಬೇಡಿ, ಮೊದಲು ನೀರು ನಿಲ್ಲಿಸಿ’ ಎನ್ನುವವನನ್ನು ರೈತರು ಅನುಮಾನದಿಂದ ನೋಡಿದರೆ ತಪ್ಪೇನೂ ಇಲ್ಲ.

ದಾಳಿಂಬೆಯ ಲಾಭನಷ್ಟ ಬಹುಪಾಲು ತೀರ್ಮಾನವಾಗುವುದು ಬಹಾರ್ ಆಯ್ಕೆಯಲ್ಲಿ, ಅಂದರೆ ಹೂವು ತರಿಸುವ ಹಂಗಾಮಿನ ಆಯ್ಕೆಯಲ್ಲಿ. ನಮ್ಮ ಹವೆಯಲ್ಲಿ ಈ ಗಿಡ ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡಬಲ್ಲದಾದ್ದರಿಂದ, ನೀರು ತಡೆದು, ಚಾಟ್ನಿ ಮಾಡಿ (ಟೊಂಗೆ ಸವರಿ), ಎಲೆ ಉದುರಿಸಿ, ಬೇಕಾದ ಹಂಗಾಮಿಗೆ ಹೂವು ತರಿಸಿಕೊಳ್ಳಬಹುದು. ಜೂನ್–ಜುಲೈಯಲ್ಲಿ ಹೂವಾಗುವ ಮೃಗ್ ಬಹಾರಿಗೆ ನೀರಿನ ಚಿಂತೆ ಕಡಿಮೆ. ಆದರೆ ಕಾಯಿ ಬೆಳೆಯುವುದು ಮಳೆಗಾಲದಲ್ಲಿ, ಮಳೆಹನಿ ಸಿಡಿದಂತೆಲ್ಲ ದುಂಡಾಣು ಅಂಗಮಾರಿ ಗಿಡದಿಂದ ಗಿಡಕ್ಕೆ ಹರಡಿ, ಕಾಯಿಯ ಮೇಲೆ ಕಪ್ಪು ಚುಕ್ಕೆ ಮೂಡಿ, ಸಿಪ್ಪೆ ಸೀಳಿಹೋಗುತ್ತದೆ. ಅದಕ್ಕಾಗಿಯೇ ರೋಗ ಕಾಡಿದ ತೋಟಕ್ಕೆ ನಾನು ಸೆಪ್ಟೆಂಬರ್–ಅಕ್ಟೋಬರಿನ ಹಸ್ತ ಬಹಾರನ್ನು ಸೂಚಿಸುತ್ತೇನೆ. ಆಗ ಕಾಯಿ ಒಣಹವೆಯಲ್ಲಿ ಬಲಿಯುತ್ತದೆ.

ತೊಡಕಿರುವುದೂ ಇಲ್ಲಿಯೇ. ಹಸ್ತ ಬಹಾರಿಗೆ ಗಿಡವನ್ನು ಬಾಡಿಸಬೇಕಾದ ಆಗಸ್ಟ್–ಸೆಪ್ಟೆಂಬರಿನಲ್ಲೇ ನಮ್ಮ ಕಡೆ ಮಳೆ ಹೆಚ್ಚು. ಕೆಂಪು ಮಣ್ಣಿನ ಮಸಾರಿ ಭೂಮಿ ಬೇಗ ಆರುತ್ತದೆ, ಕಪ್ಪು ಮಣ್ಣಿನ ಎರೆಭೂಮಿ ತೇವವನ್ನು ಬಿಟ್ಟುಕೊಡುವುದಿಲ್ಲ. ಏರುಮಡಿಯೂ ಬಸಿಗಾಲುವೆಯೂ ಇಲ್ಲದ ಎರೆಯ ತೋಟಕ್ಕೆ ಹಸ್ತ ಬಹಾರ್ ಹೇಳಲು ನನಗೆ ಧೈರ್ಯ ಸಾಲದು. ಬೇಸಿಗೆಯಲ್ಲಿ ಕೊಳವೆಬಾವಿ ಎಷ್ಟು ನೀರು ಕೊಡುತ್ತದೆಂದು ಕೇಳಿಕೊಂಡು, ಜನವರಿ–ಫೆಬ್ರುವರಿಯ ಅಂಬೆ ಬಹಾರಿನ ಮಾತು ತೆಗೆಯುತ್ತೇನೆ. ನೆರೆಯವರಿಗೆ ಹೋದ ವರ್ಷ ಯಾವ ತಿಂಗಳಲ್ಲಿ ಒಳ್ಳೆಯ ದರ ಸಿಕ್ಕಿತೆಂಬ ಲೆಕ್ಕ ಈ ಮಾತುಕತೆಯ ನಡುವೆ ಬಂದೇ ಬರುತ್ತದೆ, ಮತ್ತು ಅನೇಕ ಸಲ ಅದೇ ಗೆಲ್ಲುತ್ತದೆ.

ಸಿಂಪರಣೆಯೇ ಬೇಡವೆಂಬ ವಾದ ನನ್ನದಲ್ಲ. ಚಾಟ್ನಿಯಾದ ಕೂಡಲೇ ಶೇಕಡಾ 1ರ ಬೋರ್ಡೋ ದ್ರಾವಣ ಬೇಕೇ ಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ ಕೂಡಿಸಬೇಕು. ಅದ್ದಿ ತೆಗೆದ ಕಬ್ಬಿಣದ ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಕತ್ತರಿಸಿದ ರೋಗದ ಟೊಂಗೆಗಳನ್ನು ಬದುವಿನ ಮೇಲೆ ರಾಶಿ ಹಾಕಿ ಬಿಟ್ಟರೆ ಈ ಖರ್ಚೆಲ್ಲ ವ್ಯರ್ಥ. ಅವನ್ನು ತೋಟದಿಂದ ಹೊರಗೆ ಸಾಗಿಸಿ ಸುಡಬೇಕು.

ಹೊಸದಾಗಿ ತೋಟ ಮಾಡುವವರು ಸಸಿ ತರುವ ಮೊದಲೇ ಕರೆಯಬೇಕೆಂಬುದು ನನ್ನ ಬೇಡಿಕೆ, ಏಕೆಂದರೆ ತಾಯಿಗಿಡದ ಟೊಂಗೆಗೇ ಬೇರು ಬರಿಸಿ ಮಾಡಿದ ಗೂಟಿ ಸಸಿಯ ಜೊತೆಗೇ ಅಂಗಮಾರಿ ಬರಬಲ್ಲದು, ತಾಯಿಗಿಡವನ್ನು ನೋಡಿಯೇ ಕೊಳ್ಳಬೇಕು. ಆ ಒಂದು ಭೇಟಿಗೆ ಮಾತ್ರ ಶುಲ್ಕ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.