ಬಗ್ ಸಿಕ್ಕರೂ ಹೊಸಬರು ಯಾಕೆ ಸುಮ್ಮನಿರುತ್ತಾರೆ

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಎದುರಿಗಿರುವುದು ಸರಿ ಇದೆ ಅಂತ ಸುಮ್ನೆ ನಂಬದೆ ಪರೀಕ್ಷಿಸಿ ನೋಡುವುದೇ ನಮ್ಮ ಕೆಲಸ. ಆದರೂ ಟೀಮಿಗೆ ಹೊಸದಾಗಿ ಬಂದವರಲ್ಲಿ ಒಂದು ವಿಷಯ ಮತ್ತೆ ಮತ್ತೆ ನೋಡುತ್ತೇನೆ. ಅವರಿಗೆ ಬಗ್, ಅಂದರೆ ಸಾಫ್ಟ್‌ವೇರಿನಲ್ಲಿನ ದೋಷ, ಸಿಕ್ಕಿರುತ್ತದೆ, ಆದರೆ ಹೇಳುವುದಿಲ್ಲ. ಸ್ಕ್ರೀನಿನಲ್ಲಿ ಮೊತ್ತ ತಪ್ಪಾಗಿ ಕಾಣುತ್ತಿರುತ್ತದೆ, ತಲೆಯಲ್ಲಿ ಮಾತ್ರ "ನನಗೇ ಅರ್ಥ ಆಗಿಲ್ಲವೇನೋ, ಇಷ್ಟು ಜನ ಸೀನಿಯರ್‌ಗಳು ನೋಡಿದ್ದಾರೆ, ಅವರಿಗೆ ಕಾಣದ್ದು ನನಗೆ ಕಾಣುತ್ತಾ" ಅಂತ ಓಡುತ್ತಿರುತ್ತದೆ. ಆಮೇಲೆ ಗ್ರಾಹಕರಿಂದ ದೂರು ಬಂದಾಗ ಮೆಲ್ಲಗೆ "ಅದನ್ನ ನಾನು ಅವತ್ತೇ ನೋಡಿದ್ದೆ" ಅನ್ನುತ್ತಾರೆ. ಈ ಮಾತು ಕೇಳಿದಾಗ ಸಿಟ್ಟಿಗಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಇದು ಕೆಲಸ ಬಾರದವರ ಸಮಸ್ಯೆ ಅಲ್ಲ. ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ 'ಇಂಪೋಸ್ಟರ್ ಫಿನಾಮಿನನ್' (ಯೋಗ್ಯತೆ ಇದ್ದೂ ತಾನು ನಕಲಿ ಅನ್ನಿಸುವುದು) ಬಗ್ಗೆ ಬರೆದರು. ಅವರು ಗಮನಿಸಿದ್ದು ಓದಿನಲ್ಲೂ ಕೆಲಸದಲ್ಲೂ ಮುಂದಿದ್ದ ಹೆಂಗಸರನ್ನು. ಪದವಿ, ಮೆಚ್ಚುಗೆ ಎಲ್ಲ ಇದ್ದೂ ತಮ್ಮ ಬಣ್ಣ ಒಂದು ದಿನ ಬಯಲಾಗುತ್ತದೆ ಅನ್ನುವ ಭಯ ಅವರಲ್ಲಿತ್ತು. ಇದು ಗಂಡಸರಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು. ಕೆಲಸ ಚೆನ್ನಾಗಿ ಆದರೆ ಅದೃಷ್ಟ, ಕೆಟ್ಟರೆ ತನ್ನ ಯೋಗ್ಯತೆಯೇ ಅಷ್ಟು ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಹಾಗಾಗಿ "ನೀನು ಜಾಣ, ಧೈರ್ಯವಾಗಿರು" ಅಂತ ಬೆನ್ನು ತಟ್ಟಿದರೆ ಅಷ್ಟೇನೂ ಉಪಯೋಗವಿಲ್ಲ. ಆ ಹೊಗಳಿಕೆಯನ್ನೂ ಅದೇ ಮನಸ್ಸೇ ತಳ್ಳಿಹಾಕುತ್ತದಲ್ವಾ?

ನನ್ನ ಅನುಭವದಲ್ಲಿ ಬೇರೆಯದೇ ಕೆಲಸ ಮಾಡುತ್ತದೆ. "ನಾನು ದಡ್ಡನಾ" ಅನ್ನುವ ಪ್ರಶ್ನೆಯನ್ನು ಟೆಸ್ಟ್ ಮಾಡಲು ದಾರಿಯೇ ಇಲ್ಲ, ರಾತ್ರಿಯಿಡೀ ಕೂತರೂ ಉತ್ತರ ಸಿಗದು. "ಈ ಮೊತ್ತ ಸರಿ ಇದೆಯಾ" ಅನ್ನುವುದನ್ನು ಟೆಸ್ಟ್ ಮಾಡಬಹುದು. ಬಗ್ ರಿಪೋರ್ಟಿನಲ್ಲಿ ಬರೆಯುವುದೂ ಅಷ್ಟೇ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಬರೆದವರು ಎಷ್ಟು ಬುದ್ಧಿವಂತರು ಅಂತ ಕೇಳುವ ಜಾಗ ಅದರಲ್ಲಿಲ್ಲ. ಅನುಮಾನ ಬಂದ ತಕ್ಷಣ ಈ ಮೂರನ್ನು ಬರೆಯಿರಿ ಅಂತ ಹೊಸಬರಿಗೆ ಹೇಳುತ್ತೇನೆ, ಕಳಿಸುವುದೋ ಬಿಡುವುದೋ ಆಮೇಲೆ. ಬರೆದ ಮೇಲೆ ಹೆಚ್ಚಿನವರು ಕಳಿಸಿಯೇ ಬಿಡುತ್ತಾರೆ. ಅದು ಬಗ್ ಅಲ್ಲ ಅಂತ ಡೆವಲಪರ್ ಆ ರಿಪೋರ್ಟನ್ನು ಮುಚ್ಚಿದರೂ ನಷ್ಟವೇನಿಲ್ಲ, ಎಷ್ಟೋ ಸಲ ಅದು ಹೇಗೆ ಕೆಲಸ ಮಾಡಬೇಕು ಅಂತ ಯಾರೂ ಸರಿಯಾಗಿ ಬರೆದಿಟ್ಟಿರಲಿಲ್ಲ ಅನ್ನುವುದು ಆಗಲೇ ಹೊರಬೀಳುತ್ತದೆ.

ಅರ್ಧ ಹೊಣೆ ಸೀನಿಯರ್‌ಗಳದ್ದು. 1950ರ ದಶಕದಲ್ಲಿ ಸೊಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಉತ್ತರ ಕಣ್ಣೆದುರಿಗೇ ಇತ್ತು. ಆದರೆ ಜೊತೆಗಿದ್ದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪ್ರಯೋಗಕ್ಕೆ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಒಮ್ಮೆಯಾದರೂ ಅದಕ್ಕೇ ಹೂಂಗುಟ್ಟಿದರು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೂ ಹೀಗೆ ಹೂಂಗುಟ್ಟುವುದು ತುಂಬಾ ಇಳಿಯುತ್ತಿತ್ತು. ರಿಲೀಸಿಗೆ ಮುಂಚಿನ ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುವಾಗ ನನಗೆ ಇದು ನೆನಪಾಗುತ್ತದೆ. ಅದಕ್ಕೇ "ಈ ಭಾಗ ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ" ಅಂತ ಮೊದಲು ಕೇಳುವವರು ಟೀಮಿನ ಹಳಬರೇ ಆಗಬೇಕು ಅಂತ ಹಟ ಹಿಡಿಯುತ್ತೇನೆ.

ಇಷ್ಟಾದರೂ ಕೆಲವರು ಬಾಯಿ ಬಿಡುವುದಿಲ್ಲ. ಅಂಥವರ ಪಕ್ಕ ಕೂತು ಅವರು ಟೆಸ್ಟ್ ಮಾಡುವುದನ್ನು ನೋಡುತ್ತೇನೆ. ಎಲ್ಲೋ ಒಂದು ಕಡೆ ಮೌಸ್ ನಿಲ್ಲುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. "ಇಲ್ಲಿ ಏನನ್ನಿಸ್ತು?" ಅಂತ ಆಗಲೇ ಕೇಳಿಬಿಡಬೇಕು. ಬಹಳ ಸಲ ಬಗ್ ಇರುವುದು ಅಲ್ಲೇ.