ಹೆತ್ತವರ ಮನೆ: ಹಂಚುವ ಮುನ್ನ ಲೆಕ್ಕ

ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಮನೆಯ ಜಗಳ ಎಷ್ಟೋ ಸಲ ಹುಟ್ಟುವುದು ಪಾಲಿನಿಂದಲ್ಲ, ಖರ್ಚಿನಿಂದ. ಅದೇ ಮನೆಯಲ್ಲಿದ್ದವರು ತೆರಿಗೆ, ದುರಸ್ತಿ ನೋಡಿಕೊಂಡಿರುತ್ತಾರೆ. ‘ಬಾಡಿಗೆಯಿಲ್ಲದೆ ಇದ್ದರಲ್ಲ’ ಎಂದು ಉಳಿದವರ ಮಾತು. ಎರಡರಲ್ಲೂ ನ್ಯಾಯವಿದೆ. ಎರಡನ್ನೂ ಒಂದೇ ಹಾಳೆಯಲ್ಲಿ ರಸೀದಿ ಸಮೇತ ಬರೆಯಿರಿ.

ಅದಕ್ಕೂ ಮೊದಲು ಮೂಲ ಉಯಿಲು, ಹಕ್ಕುಪತ್ರ, ಸಾಲದ ಕಾಗದ ಹುಡುಕಿ ಎಲ್ಲರಿಗೂ ನಕಲು ಕೊಡಿ. ಪತ್ರದಲ್ಲಿ ಜಂಟಿ ಹೆಸರಿದ್ದರೆ ಇಡೀ ಮನೆ ಹಂಚಿಕೆಗೆ ಬರದೇ ಇರಬಹುದು.

ಒಬ್ಬರೇ ಮನೆ ಇಟ್ಟುಕೊಳ್ಳುವುದಾದರೆ, ಸ್ವತಂತ್ರ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಯಾವ ದಿನದ ಬೆಲೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. ಬೆಲೆ 60 ಲಕ್ಷ, ಸಾಲ 6 ಲಕ್ಷ, ಮನೆಯಲ್ಲಿದ್ದವರು ಚಾವಣಿಗೆ ಕೈಯಿಂದ ಹಾಕಿದ್ದು 3 ಲಕ್ಷ ಎನ್ನೋಣ. ಉಳಿಯುವ 51 ಲಕ್ಷವನ್ನು ಮೂವರಿಗೆ ಸಮನಾಗಿ ಹಂಚಿದರೆ ತಲಾ 17. ಮನೆಯಲ್ಲಿದ್ದವರೇ ಮನೆ ಪಡೆದರೆ, ಅವರು ಸಾಲ ಹೊತ್ತುಕೊಂಡು ಉಳಿದಿಬ್ಬರಿಗೂ ತಲಾ 17 ಲಕ್ಷ ಕೊಡಬೇಕು. ಚಾವಣಿಯ 3 ಲಕ್ಷವನ್ನು ಬೆಲೆಯಿಂದ ಕಳೆಯದೆ ಅವರೊಬ್ಬರ ಮೇಲೇ ಹೊರಿಸಿಬಿಡುವುದು ದೊಡ್ಡ ಅನ್ಯಾಯ; ಮುನಿಸು ಬೆಳೆಯುವುದೇ ಅಲ್ಲಿ.

ಹಣ ಕೈಸೇರುವ ಮುನ್ನ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಕಂತಾದರೆ ದಿನಾಂಕ, ಮೊತ್ತ, ತಪ್ಪಿದರೆ ಬಡ್ಡಿ, ಎಲ್ಲವೂ ಬರಹದಲ್ಲಿರಲಿ. ಮನೆ ಖಾಲಿಯಿದ್ದರೆ ವಿಮಾ ಕಂಪನಿಗೂ ತಿಳಿಸಿ. ಖಾಲಿ ಮನೆಗೆ ರಕ್ಷಣೆ ಕಡಿತಗೊಳ್ಳುವುದುಂಟು.